ಅಲಿ ಗೆದ್ದ ಸರಿ, ಫ್ರೇಜಿಯರ್ ಸೋತನಾ?

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒಬ್ಬ ಬಾಕ್ಸರ್‌ನ ಕಂಚಿನ ಪ್ರತಿಮೆ ಇದೆ. ಎರಡೂ ಕೈ ಮೇಲೆತ್ತಿ ನಿಂತಿರೋ ಪ್ರತಿಮೆ. ಪ್ರವಾಸಿಗರು ಅದರ ಪಕ್ಕ ನಿಂತು ತಾವೂ ಕೈ ಎತ್ತಿ ಫೋಟೋ ತೆಗೆಸಿಕೊಳ್ತಾರೆ. ಆ ಬಾಕ್ಸರ್ ಹೆಸರು ರಾಕಿ ಬಾಲ್ಬೋವಾ.

ಇದರಲ್ಲಿ ವಿಚಿತ್ರ ಏನು ಗೊತ್ತಾ ವೀಕ್ಷಕರೇ? ಆ ಮನುಷ್ಯ ಹುಟ್ಟೇ ಇಲ್ಲ. ಅದು ಸಿನಿಮಾ ಪಾತ್ರ. ‘ರಾಕಿ’ ಸಿನಿಮಾದಲ್ಲಿ ನಾಯಕ, ಕೊಕ್ಕೆಗೆ ನೇತು ಹಾಕಿದ ದನದ ಮಾಂಸಕ್ಕೆ ಗುದ್ದಿ ಗುದ್ದಿ ಅಭ್ಯಾಸ ಮಾಡ್ತಾನೆ. ಅದನ್ನು ನಿಜ ಜೀವನದಲ್ಲಿ ಮಾಡಿದವನು ಬೇರೆ ಒಬ್ಬ. ಅದೇ ಊರಿನ ಕಸಾಯಿಖಾನೆಯಲ್ಲಿ ಕೂಲಿ ಕೆಲಸ ಮಾಡಿಕೊಂಡಿದ್ದ ಹುಡುಗ. ಮುಂದೆ ಆತ ಹೆವಿವೇಟ್ ವಿಶ್ವ ಚಾಂಪಿಯನ್ ಆದ. ಹೆಸರು ಜೋ ಫ್ರೇಜಿಯರ್. ಆ ಊರಲ್ಲಿ ಫ್ರೇಜಿಯರ್ ಪ್ರತಿಮೆ ನಿಂತಿದ್ದು 2015ರಲ್ಲಿ. ಆತ ಸತ್ತು ನಾಲ್ಕು ವರ್ಷ ಆಗಿತ್ತು.

ಇಲ್ಲದ ಮನುಷ್ಯನಿಗೆ ಮೊದಲು ಪ್ರತಿಮೆ, ಇದ್ದ ಮನುಷ್ಯನಿಗೆ ಸತ್ತ ಮೇಲೆ. ಯಾಕೆ ಹೀಗಾಯ್ತು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದ್ರೆ ಇನ್ನೊಬ್ಬನ ಹೆಸರು ಹೇಳಲೇಬೇಕು. ಮೊಹಮ್ಮದ್ ಅಲಿ.

ನಾನು ಓದಿದ್ದು ಇಂಜಿನಿಯರಿಂಗ್. ಎರಡು ಯಂತ್ರ ತಂದು ಮುಂದಿಟ್ಟು ಯಾವುದು ಒಳ್ಳೇದು ಅಂತ ಕೇಳಿದ್ರೆ, ಮೊದಲು ಅಂಕಿ-ಅಂಶ ಕೊಡಿ ಅನ್ನೋದು ನಮ್ಮ ಅಭ್ಯಾಸ. ಇಲ್ಲೂ ಅಲ್ಲಿಂದಲೇ ಶುರು ಮಾಡೋಣ. ಅಲಿ ಆಡಿದ್ದು 61 ಪಂದ್ಯ. ಗೆದ್ದಿದ್ದು 56, ಸೋತಿದ್ದು 5. ಗೆಲುವುಗಳಲ್ಲಿ 37 ನಾಕೌಟ್. ಮೂರು ಸಲ ಹೆವಿವೇಟ್ ಚಾಂಪಿಯನ್. ಫ್ರೇಜಿಯರ್ ಆಡಿದ್ದು 37 ಪಂದ್ಯ. ಗೆದ್ದಿದ್ದು 32, ಸೋತಿದ್ದು 4, ಒಂದು ಡ್ರಾ. ನಾಕೌಟ್ 27. ಅಂದ್ರೆ ಆಡಿದ ಪ್ರತಿ ನೂರು ಪಂದ್ಯಕ್ಕೆ ಲೆಕ್ಕ ಹಾಕಿದ್ರೆ ಅಲಿಯ ನಾಕೌಟ್ ಸುಮಾರು 61, ಫ್ರೇಜಿಯರ್‌ದು 73. ಇನ್ನೊಂದು ಗಮನಿಸಿ. ಫ್ರೇಜಿಯರ್ ಜೀವಮಾನದಲ್ಲಿ ಸೋತಿದ್ದು ಇಬ್ಬರಿಗೆ ಮಾತ್ರ. ಎರಡು ಸಲ ಅಲಿಗೆ, ಎರಡು ಸಲ ಜಾರ್ಜ್ ಫೋರ್ಮನ್‌ಗೆ. ಮೂರನೇ ಮನುಷ್ಯನಿಗೆ ಆತ ಸೋಲಲೇ ಇಲ್ಲ.

ಆದ್ರೆ ಈ ಅಂಕಿಗಳು ಅರ್ಧ ಕಥೆ ಮಾತ್ರ ಹೇಳ್ತವೆ. ಉಳಿದರ್ಧ ರಿಂಗ್‌ನ ಹೊರಗಿದೆ.

ಅಲಿ ಹುಟ್ಟಿದ್ದು 1942ರಲ್ಲಿ, ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಆಗಿನ ಹೆಸರು ಕ್ಯಾಸಿಯಸ್ ಕ್ಲೇ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ. 1964ರಲ್ಲಿ ಸೋನಿ ಲಿಸ್ಟನ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್. ಎತ್ತರ 6 ಅಡಿ 3 ಇಂಚು. ಆ ಗಾತ್ರದವನು ನರ್ತಕನ ಥರ ಕಾಲು ಕುಣಿಸೋದನ್ನ ಜನ ಅಲ್ಲಿಯವರೆಗೆ ನೋಡಿರಲಿಲ್ಲ. ಇನ್ನು ಮಾತು! ನಾನೇ ಸುಂದರ, ನಾನೇ ಶ್ರೇಷ್ಠ ಅಂತ ಕ್ಯಾಮೆರಾ ಮುಂದೆ ಕೂಗಿ ಹೇಳ್ತಿದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ ನಮ್ಮಲ್ಲಿ. ಅಲಿ ವಿಷಯದಲ್ಲಿ ಈ ಗಾದೆ ಉಲ್ಟಾ. ಆತ ಮಾತು ಬಲ್ಲವ, ಮಾತಿನಿಂದಲೇ ಜಗಳ ಕಟ್ಟುವವ.

ಫ್ರೇಜಿಯರ್ ಹುಟ್ಟಿದ್ದು 1944ರಲ್ಲಿ, ದಕ್ಷಿಣ ಕೆರೊಲಿನಾದ ಬ್ಯೂಫರ್ಟ್‌ನಲ್ಲಿ. ಬಡ ರೈತ ಕುಟುಂಬ, ಮನೆ ತುಂಬಾ ಮಕ್ಕಳು. ಅಪ್ಪನಿಗೆ ಎಡಗೈ ಇರಲಿಲ್ಲ. ಬಾಲ್ಯದಲ್ಲಿ ಪೆಟ್ಟು ಬಿದ್ದು ಮಗನ ಎಡಗೈಯೂ ಸೊಟ್ಟಗಾಯ್ತು, ಪೂರ್ತಿ ನೆಟ್ಟಗೆ ಚಾಚೋಕೆ ಆಗ್ತಿರಲಿಲ್ಲ. ಅದೇ ಸೊಟ್ಟ ಎಡಗೈ ಮುಂದೆ ಬಾಕ್ಸಿಂಗ್ ಚರಿತ್ರೆಯ ಅತ್ಯಂತ ಭಯಾನಕ ಲೆಫ್ಟ್ ಹುಕ್ ಆಯ್ತು. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಆತ ಹೋಗಿದ್ದೇ ಬದಲಿ ಆಟಗಾರನಾಗಿ. ಆಯ್ಕೆಯಾಗಿದ್ದ ಬಸ್ಟರ್ ಮಾಥಿಸ್ ಕೈಗೆ ಗಾಯ ಮಾಡಿಕೊಂಡಿದ್ದ. ಎಡಗೈ ಹೆಬ್ಬೆರಳು ಮುರಿದಿದ್ರೂ ಯಾರಿಗೂ ಹೇಳದೆ ಫೈನಲ್ ಆಡಿ ಚಿನ್ನ ಗೆದ್ದ.

ಯಾರಿಗೂ ಹೇಳದೆ. ಈ ಮಾತನ್ನ ನೆನಪಿಟ್ಟುಕೊಳ್ಳಿ. ಆತನ ಇಡೀ ಜೀವನ ಅದೇ.

1967ರ ಏಪ್ರಿಲ್‌ನಲ್ಲಿ ಅಲಿ ಸೇನೆಗೆ ಸೇರಲು ನಿರಾಕರಿಸಿದ. ವಿಯೆಟ್ನಾಂ ಜನ ನನಗೇನೂ ಅನ್ಯಾಯ ಮಾಡಿಲ್ಲ, ಅವರ ಮೇಲೆ ಯಾಕೆ ಗುಂಡು ಹಾರಿಸಲಿ ಅನ್ನೋದು ಆತನ ವಾದ. ಕಿರೀಟ ಕಿತ್ತುಕೊಂಡ್ರು, ಲೈಸೆನ್ಸ್ ರದ್ದಾಯ್ತು, 5 ವರ್ಷ ಜೈಲು ಶಿಕ್ಷೆ ಪ್ರಕಟವಾಯ್ತು. ಮೇಲ್ಮನವಿ ಹಾಕಿದ್ದರಿಂದ ಜೈಲಿಗೆ ಹೋಗಲಿಲ್ಲ, ಆದ್ರೆ ಮೂರೂವರೆ ವರ್ಷ ರಿಂಗ್ ಹತ್ತೋಕೂ ಆಗಲಿಲ್ಲ. 25ರಿಂದ 28ರ ವಯಸ್ಸು, ಬಾಕ್ಸರ್ ಒಬ್ಬನ ಬಂಗಾರದ ಕಾಲ. ಒಂದು ನಂಬಿಕೆಗೋಸ್ಕರ ಅದನ್ನ ಬಿಟ್ಟುಕೊಡೋದು ಹುಡುಗಾಟದ ಮಾತಲ್ಲ. ಅಲಿ ಬರೀ ಬಾಯಿ ಬಡುಕ ಅನ್ನೋರು ಈ ಮೂರೂವರೆ ವರ್ಷವನ್ನ ಮೊದಲು ಲೆಕ್ಕಕ್ಕೆ ತಗೋಬೇಕು. 1971ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಶಿಕ್ಷೆಯನ್ನ ರದ್ದು ಮಾಡ್ತು.

ಆ ವನವಾಸದ ಕಾಲದಲ್ಲಿ ಅಲಿ ಪರವಾಗಿ ನಿಂತವರಲ್ಲಿ ಒಬ್ಬ ಯಾರು ಗೊತ್ತಾ? ಜೋ ಫ್ರೇಜಿಯರ್! ಅಲಿಯ ಕಿರೀಟಕ್ಕಾಗಿ ನಡೆದ ಟೂರ್ನಿಗೆ ಆತ ಹೋಗಲಿಲ್ಲ. ಅಲಿಗೆ ಲೈಸೆನ್ಸ್ ವಾಪಸ್ ಕೊಡಿ ಅಂದ. ಕೈ ಖಾಲಿಯಾಗಿದ್ದಾಗ ದುಡ್ಡೂ ಕೊಟ್ಟ.

1971ರ ಮಾರ್ಚ್ 8. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಒಂದು ಕಡೆ 31 ಪಂದ್ಯ ಆಡಿ ಒಂದೂ ಸೋಲದ ಅಲಿ. ಇನ್ನೊಂದು ಕಡೆ 26 ಆಡಿ ಒಂದೂ ಸೋಲದ ಫ್ರೇಜಿಯರ್. ಇಬ್ಬರಿಗೂ ತಲಾ 25 ಲಕ್ಷ ಡಾಲರ್. ಶತಮಾನದ ಪಂದ್ಯ ಅಂತಲೇ ಅದಕ್ಕೆ ಹೆಸರು. ರಿಂಗ್ ಪಕ್ಕದಲ್ಲಿ ಕೂತು ‘ಲೈಫ್’ ಪತ್ರಿಕೆಗೆ ಫೋಟೋ ತೆಗೆದವನು ಗಾಯಕ ಫ್ರಾಂಕ್ ಸಿನಾತ್ರಾ. 15ನೇ ರೌಂಡ್‌ನಲ್ಲಿ ಆ ಸೊಟ್ಟ ಎಡಗೈ ಅಲಿಯ ದವಡೆಗೆ ಬಿತ್ತು. ಅಲಿ ಅಂಗಾತ ಬಿದ್ದ. ಮರುಕ್ಷಣವೇ ಎದ್ದ, ಅದು ಆತನ ಗುಂಡಿಗೆ. ಆದ್ರೆ ಮೂವರೂ ತೀರ್ಪುಗಾರರು ಗೆಲುವು ಕೊಟ್ಟಿದ್ದು ಫ್ರೇಜಿಯರ್‌ಗೆ.

ಆ ರಾತ್ರಿ ಫ್ರೇಜಿಯರ್ ಜಗತ್ತಿನ ಶ್ರೇಷ್ಠ ಬಾಕ್ಸರ್. ಹಾಗಿದ್ರೂ ಆತ ಹೀರೋ ಆಗಲಿಲ್ಲ. ಯಾಕೆ?

ಪಂದ್ಯಕ್ಕೆ ಮೊದಲೇ ಅಲಿ ಆ ಕೆಲಸ ಮುಗಿಸಿದ್ದ. ಕ್ಯಾಮೆರಾ ಸಿಕ್ಕಲ್ಲೆಲ್ಲ ಫ್ರೇಜಿಯರ್ ಬಿಳಿಯರ ಗುಲಾಮ, ಕಪ್ಪು ಜನರ ದ್ರೋಹಿ ಅಂತ ಸಾರಿದ್ದ. ಯೋಚನೆ ಮಾಡಿ. ಕೂಲಿ ಮಾಡಿ ಬೆಳೆದ ಕಪ್ಪು ರೈತನ ಮಗನಿಗೆ, ಅದರಲ್ಲೂ ಕಷ್ಟಕಾಲದಲ್ಲಿ ನೆರವಾದವನಿಗೆ ಕೊಟ್ಟ ಬಿರುದು ಇದು. ಫ್ರೇಜಿಯರ್ ಮಕ್ಕಳನ್ನ ಶಾಲೆಯಲ್ಲಿ ಗೇಲಿ ಮಾಡೋಕೆ ಶುರು ಮಾಡಿದ್ರು. 1975ರ ಹೊತ್ತಿಗೆ ಅಲಿ ಇನ್ನೂ ಕೆಳಗಿಳಿದ. ಗೊರಿಲ್ಲಾ ಅಂತ ಕರೆದ, ರಬ್ಬರ್ ಗೊರಿಲ್ಲಾ ಗೊಂಬೆ ಹಿಡಿದು ಪತ್ರಕರ್ತರ ಮುಂದೆ ಗುದ್ದಿ ತೋರಿಸಿದ. ಪತ್ರಕರ್ತರು ನಕ್ಕರು, ಬರೆದುಕೊಂಡರು, ಪ್ರಸಾರ ಮಾಡಿದರು.

ಅಷ್ಟರಲ್ಲಿ ಬಹಳ ಆಗಿಹೋಗಿತ್ತು. 1973ರಲ್ಲಿ ಫೋರ್ಮನ್ ಎರಡೇ ರೌಂಡ್‌ನಲ್ಲಿ ಫ್ರೇಜಿಯರ್‌ನನ್ನು ಆರು ಸಲ ಕೆಡವಿ ಕಿರೀಟ ಕಸಿದುಕೊಂಡ. 1974ರ ಜನವರಿಯಲ್ಲಿ ಎರಡನೇ ಪಂದ್ಯ, ಗೆದ್ದಿದ್ದು ಅಲಿ. ಅದೇ ಅಕ್ಟೋಬರ್‌ನಲ್ಲಿ ಕಿನ್ಶಾಸಾದಲ್ಲಿ ಅಲಿ ಆ ಫೋರ್ಮನ್‌ನನ್ನೇ ಎಂಟನೇ ರೌಂಡ್‌ನಲ್ಲಿ ಮಲಗಿಸಿದ.

ಮೂರನೇ ಪಂದ್ಯ 1975ರ ಅಕ್ಟೋಬರ್ 1ರಂದು, ಫಿಲಿಪ್ಪೀನ್ಸ್‌ನ ಮನಿಲಾ ಬಳಿ. ಅಮೆರಿಕದ ಟಿವಿ ಸಮಯಕ್ಕೆ ಹೊಂದಿಸೋಕೆ ಅಲ್ಲಿ ಬೆಳಿಗ್ಗೆ ಪಂದ್ಯ. ಬೆಂಕಿಯಂಥ ಸೆಖೆ. ಫ್ರೇಜಿಯರ್‌ಗೆ ಎಡಗಣ್ಣು ಮೊದಲಿಂದಲೂ ಮಂಜು. ಅದನ್ನೂ ವರ್ಷಗಟ್ಟಲೆ ಮುಚ್ಚಿಟ್ಟಿದ್ದ. ಈಗ ಬಲಗಣ್ಣೂ ಊದಿ ಮುಚ್ಚಿಕೊಂಡಿತು. ಎದುರಾಳಿ ಕಾಣದೆ ಆತ ಹೊಡೆದಾಡ್ತಿದ್ದ. 14 ರೌಂಡ್ ಮುಗಿದಾಗ ತರಬೇತುದಾರ ಎಡ್ಡಿ ಫಚ್, ಸಾಕು ಮಗಾ, ಕೂತ್ಕೋ ಅಂದ. ಫ್ರೇಜಿಯರ್ ಒಪ್ಪಲಿಲ್ಲ. ಫಚ್ ಬಿಡಲಿಲ್ಲ. ಇನ್ನು ಮೂರೇ ನಿಮಿಷ ಬಾಕಿ ಇತ್ತು. ಗೆದ್ದ ಅಲಿ ಎದ್ದು ಕೈ ಎತ್ತಿದವನೇ ಕುಸಿದ. ಸಾವಿಗೆ ಇಷ್ಟು ಹತ್ತಿರ ಹೋಗಿರಲಿಲ್ಲ ಅಂತ ಆಮೇಲೆ ಆತನೇ ಒಪ್ಪಿಕೊಂಡ.

ನನ್ನ ಪ್ರಕಾರ ಇಬ್ಬರ ಬದುಕಿನ ದೊಡ್ಡ ವ್ಯತ್ಯಾಸ ಇಲ್ಲಿದೆ. ಫ್ರೇಜಿಯರ್‌ಗೆ ಸಾಕು ಅನ್ನೋ ಒಬ್ಬ ಮನುಷ್ಯ ಪಕ್ಕದಲ್ಲಿದ್ದ. ಅಲಿಗೆ ಆತನ ವೈದ್ಯ ಫರ್ಡಿ ಪಚೇಕೋ ಎಚ್ಚರಿಕೆ ಕೊಟ್ಟು ಕೊಟ್ಟು, ಯಾರೂ ಕೇಳದಿದ್ದಾಗ 1977ರಲ್ಲಿ ಬಿಟ್ಟು ಹೋದ. ಅಲಿ 1981ರವರೆಗೂ ಏಟು ತಿಂದ. 1984ರಲ್ಲಿ ಪಾರ್ಕಿನ್ಸನ್ ಇರೋದು ಪತ್ತೆಯಾಯ್ತು. ಜಗತ್ತನ್ನು ಮಾತಿನಿಂದ ಕುಣಿಸಿದವನ ಮಾತೇ ನಿಂತುಹೋಯ್ತು.

1996ರ ಅಟ್ಲಾಂಟಾ ಒಲಿಂಪಿಕ್ಸ್. ನಡುಗುವ ಕೈಯಲ್ಲಿ ಅಲಿ ಜ್ಯೋತಿ ಹೊತ್ತಿಸಿದಾಗ ಜಗತ್ತು ಕಣ್ಣೀರು ಹಾಕ್ತು. ಫ್ರೇಜಿಯರ್ ಮಾತ್ರ, ಅವನನ್ನ ಆ ಬೆಂಕಿಗೇ ತಳ್ಳಬೇಕಿತ್ತು ಅನ್ನೋ ಅರ್ಥದ ಮಾತಾಡಿದ. ಕ್ರೂರ ಮಾತು, ಸಮರ್ಥಿಸೋಕೆ ಆಗಲ್ಲ. ಆದ್ರೆ 25 ವರ್ಷ ಕಳೆದರೂ ಆರದ ಗಾಯ ಅದು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. 2001ರಲ್ಲಿ ಅಲಿ ‘ನ್ಯೂಯಾರ್ಕ್ ಟೈಮ್ಸ್’ ಮೂಲಕ ಕ್ಷಮೆ ಕೇಳಿದ. ಪತ್ರಿಕೆಗೆ ಹೇಳಿದ್ರೆ ಏನು ಬಂತು, ನನಗೆ ಹೇಳಬೇಕಿತ್ತು ಅನ್ನೋದು ಫ್ರೇಜಿಯರ್ ತಕರಾರು.

ಹಾಗಾದ್ರೆ ಯಾರು ದೊಡ್ಡವನು? ನುಣುಚಿಕೊಳ್ಳದೆ ಹೇಳ್ತೀನಿ. ಬಾಕ್ಸಿಂಗ್ ಲೆಕ್ಕದಲ್ಲಿ ಅಲಿಯೇ ಮುಂದೆ. ಲಿಸ್ಟನ್, ಫ್ರೇಜಿಯರ್, ಫೋರ್ಮನ್ ಮೂವರನ್ನೂ ಸೋಲಿಸಿದವನು ಆತ ಒಬ್ಬನೇ. ರಿಂಗ್‌ನ ಹೊರಗೂ ಆತನ ತ್ಯಾಗ ದೊಡ್ಡದು. ಆದ್ರೆ ಯಾವುದೇ ವಸ್ತುವಿನ ಬಲ ಗೊತ್ತಾಗೋದು ಅದರ ಮೇಲೆ ಭಾರ ಹಾಕಿದಾಗ. ಅಲಿ ಎಂಥ ಗಟ್ಟಿ ಅಂತ ಜಗತ್ತಿಗೆ ತೋರಿಸಿದ ಭಾರ ಫ್ರೇಜಿಯರ್. ಮನಿಲಾ ಇಲ್ಲದ ಅಲಿಯನ್ನ ಊಹಿಸಿಕೊಳ್ಳಿ, ಅರ್ಧ ಅಲಿ ಕಾಣ್ತಾನೆ. ಈ ಸಾಲವನ್ನ ಚರಿತ್ರೆ ತೀರಿಸಿಲ್ಲ.

ತೀರಿಸದೇ ಇರೋದಕ್ಕೆ ನನ್ನ ವೃತ್ತಿಯೂ ಕಾರಣ. ಚರ್ಚೆಗೆ ಅತಿಥಿಗಳನ್ನ ಕರೆಯುವಾಗ ನಾವೂ ಜೋರಾಗಿ ಮಾತಾಡೋರನ್ನೇ ಹುಡುಕ್ತೀವಿ. ಮೆಲ್ಲಗೆ ಮಾತಾಡೋರ ಪಾಲಿಗೆ ಬ್ರೇಕ್ ಬರುತ್ತೆ. ಆ ಗೊರಿಲ್ಲಾ ಗೊಂಬೆ ನೋಡಿ ನಕ್ಕ ಪತ್ರಕರ್ತರ ಸಾಲಿನಲ್ಲಿ ನಾನಿದ್ದಿದ್ರೂ ನಗ್ತಿದ್ದೆ ಅನ್ಸುತ್ತೆ. ಆ ಕ್ಲಿಪ್ ಎಷ್ಟು ಓಡುತ್ತೆ ಅಂತ ಲೆಕ್ಕ ಹಾಕ್ತಿದ್ದೆ.

2011ರ ನವೆಂಬರ್ 7ರಂದು ಫ್ರೇಜಿಯರ್ ತೀರಿಕೊಂಡ. ಯಕೃತ್ತಿನ ಕ್ಯಾನ್ಸರ್, 67 ವರ್ಷ. ಬಹಳ ಕಾಲ ಆತ ವಾಸವಾಗಿದ್ದಿದ್ದು ತನ್ನ ಜಿಮ್‌ನ ಮೇಲಿನ ಕೋಣೆಯಲ್ಲಿ. ಆ ಜಿಮ್ ಆಮೇಲೆ ಪೀಠೋಪಕರಣದ ಅಂಗಡಿಯಾಯ್ತು. ಅಂತಿಮ ಸಂಸ್ಕಾರಕ್ಕೆ ಅಲಿ ಬಂದಿದ್ದ. ಮಾತಿಲ್ಲ, ಮೈಯಲ್ಲಿ ಶಕ್ತಿ ಇಲ್ಲ. ಎಲ್ಲರೂ ಎದ್ದು ನಿಂತು ಜೋಗೆ ಗೌರವ ಸಲ್ಲಿಸಿ ಅಂದಾಗ, ಪಕ್ಕದವರ ಆಸರೆ ಹಿಡಿದು ಅಲಿಯೂ ಎದ್ದ. ನಡುಗುವ ಕೈಗಳಿಂದ ಚಪ್ಪಾಳೆ ತಟ್ಟಿದ.

ಪತ್ರಿಕೆಯಲ್ಲಿ ಕೇಳಿದ ಕ್ಷಮೆಗಿಂತ ಆ ಚಪ್ಪಾಳೆ ದೊಡ್ಡದು ಅಂತ ನನಗನ್ನಿಸುತ್ತೆ. ಆದ್ರೆ ಅದನ್ನ ಕೇಳಿಸಿಕೊಳ್ಳಬೇಕಾದವನು ಪೆಟ್ಟಿಗೆಯೊಳಗೆ ಮಲಗಿದ್ದ.