ಮನೆಗಿಂತ ದಾರಿಗೆ ಆಯುಷ್ಯ ಹೆಚ್ಚು

ಪ್ಲಾಟು ಕೊಳ್ಳುವ ಮುನ್ನ ಏನೇನು ನೋಡಬೇಕೆಂದು ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಕಾಗದಪತ್ರ, ನೀರು ಇವನ್ನು ಎಲ್ಲರೂ ನೋಡುತ್ತಾರೆ. ಎದುರಿನ ರಸ್ತೆ ಎಲ್ಲಿಗೆ ಹೋಗಿ ಮುಗಿಯುತ್ತದೆಂದು ನೋಡುವವರು ವಿರಳ. ಇತಿಹಾಸದ ಮೇಷ್ಟ್ರಾದ ನಾನು ಇತಿಹಾಸದಿಂದಲೇ ಉತ್ತರಿಸುತ್ತೇನೆ.

ಕೆಂಪೇಗೌಡರು ಸುಮಾರು 1537ರಲ್ಲಿ ಬೆಂಗಳೂರನ್ನು ಕಟ್ಟಿದಾಗ ದೊಡ್ಡಪೇಟೆ, ಚಿಕ್ಕಪೇಟೆ ಬೀದಿಗಳು ಒಂದನ್ನೊಂದು ಅಡ್ಡಹಾಯುವಂತೆ ಹಾಕಿಸಿದರು. ಅಂದಿನ ಮನೆಗಳು ಅಳಿದವು, ಬೀದಿಗಳು ಉಳಿದಿವೆ. 1898ರ ಪ್ಲೇಗಿನ ನಂತರ ಜನ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳಿಗೆ ಹೋದರು. ಅಲ್ಲಿ ನೇರ ರಸ್ತೆಗಳೂ ಅಡ್ಡರಸ್ತೆಗಳೂ ಇದ್ದುದರಿಂದ ಒಂದು ಕಡೆ ತಡೆಯಾದರೆ ಇನ್ನೊಂದು ಕಡೆಯಿಂದ ಹೋಗಬಹುದು. ಅನಂತರ ನಗರದ ಅಂಚಿನಲ್ಲಿ ಹಬ್ಬಿದ ಅನೇಕ ಬಡಾವಣೆಗಳಿಗೆ ಆ ಭಾಗ್ಯವಿಲ್ಲ. ಒಳಗಿನ ವಾಹನಗಳೆಲ್ಲ ಒಂದೇ ಮುಖ್ಯರಸ್ತೆಗೆ ಬಂದು ಬೀಳುತ್ತವೆ.

ಇದು ಬೆಂಗಳೂರಿಗಷ್ಟೇ ಸೀಮಿತವಲ್ಲ. ಬ್ಯಾರಿಂಗ್ಟನ್-ಲೀ ಮತ್ತು ಮಿಲ್ಲರ್ಡ್-ಬಾಲ್ ಎಂಬ ವಿದ್ವಾಂಸರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1975ರಿಂದೀಚೆಗೆ ಜಗತ್ತಿನ ಬಹುಭಾಗದಲ್ಲಿ ಹೊಸ ಬೀದಿಗಳ ಪರಸ್ಪರ ಸಂಪರ್ಕ ಕಡಿಮೆಯಾಗುತ್ತಿದೆ.

ಈಗ ನಮ್ಮ ಗಿಣಿಗೇರಾಕ್ಕೆ ಬರೋಣ. ಒಕ್ಕಲುತನದ ಈ ಊರಿನ ಬಳಿ ಉಕ್ಕಿನ ಕಾರ್ಖಾನೆಗಳು ಬಂದವು. 1997ರಲ್ಲಿ ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಮೆಹಬೂಬನಗರದ ಕಡೆಗಿನ ಹೊಸ ರೈಲು ಮಾರ್ಗವೂ ಇಲ್ಲಿಂದಲೇ ಕವಲೊಡೆಯಿತು. ಇಂಥ ಊರಿನಲ್ಲಿ ಹೊಲಗಳು ಪ್ಲಾಟುಗಳಾಗುವುದು ಸಹಜ. ತೊಂದರೆ ಇರುವುದು ಅವು ಆಗುವ ಬಗೆಯಲ್ಲಿ. ಒಬ್ಬೊಬ್ಬರು ತಮ್ಮ ತಮ್ಮ ಸರ್ವೆ ನಂಬರಿನಲ್ಲಿ ರಸ್ತೆ ಬಿಟ್ಟರೆ ಅದು ಹೊಲದ ಬದುವಿಗೆ ಬಂದು ನಿಲ್ಲುತ್ತದೆ. ಬದುವಿನ ಆಚೆಯ ರಸ್ತೆ ಬೇರೆಲ್ಲೋ ಆರಂಭವಾಗುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರದ ಮನೆಗೆ ಹೆದ್ದಾರಿ ಸುತ್ತಿ ಹೋಗಬೇಕು. ಶಾಲೆಯ ಮಗು ಅದಿರಿನ ಲಾರಿಗಳ ನಡುವೆ ನಡೆಯಬೇಕು. ಅಂಬುಲೆನ್ಸ್ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಬೇಕು.

ಮನೆ ಹಳತಾದರೆ ಕೆಡವಿ ಕಟ್ಟಬಹುದು. ಎರಡೂ ಕಡೆ ಮನೆಗಳೆದ್ದ ಮೇಲೆ ಮುಚ್ಚಿದ ದಾರಿಯನ್ನು ತೆರೆಯುವುದು ಬಹು ಕಷ್ಟ. ನಗರ ಮತ್ತು ಗ್ರಾಮಾಂತರ ಯೋಜನೆಗೆ ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯೇ ಇದೆ. ಆದರೂ ನಕ್ಷೆಗೆ ಮಂಜೂರಾತಿ ಸಿಗುವ ಮೊದಲೇ ಪಕ್ಕದ ಹೊಲದವರು ಕೂತು ಮಾತನಾಡಿ ರಸ್ತೆಗೆ ರಸ್ತೆ ಕೂಡಿಸಿದರೆ ಅರ್ಧ ಕೆಲಸ ಮುಗಿದಂತೆ. ಆದ್ದರಿಂದ ಮಕ್ಕಳೇ, ಪ್ಲಾಟು ನೋಡಲು ಹೋದಾಗ ಒಮ್ಮೆ ಆ ರಸ್ತೆಯ ಕೊನೆಯವರೆಗೂ ನಡೆದು ಬನ್ನಿ.