ಪೂರ್ವಸೂಚನೆಯಿಲ್ಲದ ಪ್ರಶ್ನೆ: ಎರಡು ಎಪ್ಪಿಂಗ್‌ಗಳು ಮತ್ತು ಆಸ್ಟ್ರೇಲಿಯಾದ ಸಂಸತ್ತು

ಆಸ್ಟ್ರೇಲಿಯಾದಲ್ಲಿ ಎಪ್ಪಿಂಗ್ ಎಂಬ ಹೆಸರಿನ ಬಡಾವಣೆಗಳು ಎರಡಿವೆ. ಒಂದು ಸಿಡ್ನಿಯ ವಾಯವ್ಯ ಭಾಗದಲ್ಲಿ, ಇನ್ನೊಂದು ಮೆಲ್ಬರ್ನ್‌ನ ಉತ್ತರದ ಅಂಚಿನಲ್ಲಿ. ಎರಡಕ್ಕೂ ಹೆಸರು ಬಂದದ್ದು ಲಂಡನ್ ಸಮೀಪದ ಎಪ್ಪಿಂಗ್‌ನಿಂದ. ಆ ಮೂಲ ಎಪ್ಪಿಂಗ್ ಕ್ಷೇತ್ರವನ್ನು 1924ರಿಂದ 1945ರವರೆಗೆ ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಪ್ರತಿನಿಧಿಸಿದವರು ವಿನ್‌ಸ್ಟನ್ ಚರ್ಚಿಲ್. ಆಸ್ಟ್ರೇಲಿಯಾದ ಎರಡು ಎಪ್ಪಿಂಗ್‌ಗಳೂ ತಮ್ಮ ದೇಶದ ಸಂಸದೀಯ ಇತಿಹಾಸದಲ್ಲಿ ಹಿಂದೆ ಬಿದ್ದಿಲ್ಲ. ಸಿಡ್ನಿಯ ಎಪ್ಪಿಂಗ್‌ನ ಬಹುಭಾಗವನ್ನು ಒಳಗೊಂಡಿದ್ದ ಬೆನೆಲಾಂಗ್ ಕ್ಷೇತ್ರದಿಂದ ಆರಿಸಿಬಂದ ಜಾನ್ ಹೋವರ್ಡ್ 1996ರಿಂದ 2007ರವರೆಗೆ ಪ್ರಧಾನಿಯಾಗಿ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ, ಮೆಲ್ಬರ್ನ್‌ನ ಎಪ್ಪಿಂಗ್ ಸೇರಿರುವ ಸ್ಕಲಿನ್ ಕ್ಷೇತ್ರದಿಂದ ಬಂದ ತಂದೆ ಮತ್ತು ಮಗ, ಇಬ್ಬರೂ ಹ್ಯಾರಿ ಜೆಂಕಿನ್ಸ್ ಎಂಬ ಹೆಸರಿನವರೇ, ಬೇರೆ ಬೇರೆ ಕಾಲದಲ್ಲಿ ಸಭಾಧ್ಯಕ್ಷರಾಗಿ ಆ ಪ್ರಶ್ನೋತ್ತರ ಕಲಾಪವನ್ನು ನಡೆಸಿದರು.

ಅಲ್ಲಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಈ ಕಲಾಪ ಹುಟ್ಟಿದ ಬಗೆಯೇ ಗಮನಾರ್ಹವಾದುದು. 1901ರ ಮೇ 9ರಂದು ಮೆಲ್ಬರ್ನ್‌ನಲ್ಲಿ ಉದ್ಘಾಟನೆಗೊಂಡ ಒಕ್ಕೂಟ ಸಂಸತ್ತಿನ ಮೊದಲ ನಿಯಮಾವಳಿಯಲ್ಲಿ ಪೂರ್ವಸೂಚನೆಯಿಲ್ಲದೆ ಪ್ರಶ್ನೆ ಕೇಳಲು ಅವಕಾಶವಿರಲಿಲ್ಲ. ಸದಸ್ಯರು ಪ್ರಶ್ನೆಯನ್ನು ಮೊದಲೇ ಬರೆದುಕೊಟ್ಟು, ಅದು ಸೂಚನಾಪತ್ರದಲ್ಲಿ ಅಚ್ಚಾದ ಮೇಲೆ ಉತ್ತರ ಪಡೆಯಬೇಕಿತ್ತು. ಆದರೆ ಅಂತಹ ಪ್ರಶ್ನೆಯನ್ನು ನಿಷೇಧಿಸುವ ನಿಯಮವೂ ಇರಲಿಲ್ಲವಾದ್ದರಿಂದ, ಒಬ್ಬ ಸದಸ್ಯ ಎದ್ದು ಕೇಳಿದಾಗ ಮಂತ್ರಿ ಉತ್ತರಿಸಲು ಒಪ್ಪಿದರೆ ತಾವು ಅಡ್ಡಿ ಮಾಡುವುದಿಲ್ಲವೆಂದು ಮೊದಲ ಸಭಾಧ್ಯಕ್ಷ ಫ್ರೆಡರಿಕ್ ಹೋಲ್ಡರ್ ನಿಲುವು ತಳೆದರು. ರೂಢಿ ಬೆಳೆದು ಬಲವಾಗಿ, ಸುಮಾರು ಅರ್ಧ ಶತಮಾನದ ನಂತರ, 1950ರ ನಿಯಮಾವಳಿಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಇಷ್ಟು ದೊಡ್ಡ ಹಕ್ಕೊಂದು ಯಾರ ಘೋಷಣೆಯೂ ಇಲ್ಲದೆ, ಒಬ್ಬ ಅಧ್ಯಕ್ಷರ ವಿವೇಕದಿಂದ ಬೇರುಬಿಟ್ಟಿತೆಂಬುದನ್ನು ಮರೆಯಬಾರದು. ಆ ಹೋಲ್ಡರ್ 1909ರ ಜುಲೈನಲ್ಲಿ, ರಾತ್ರಿಯಿಡೀ ಗದ್ದಲದಲ್ಲಿ ನಡೆದ ಅಧಿವೇಶನದ ಕೊನೆಗೆ, ಸದನದಲ್ಲೇ ಕುಸಿದುಬಿದ್ದು ಅದೇ ದಿನ ತೀರಿಕೊಂಡರು.

ಕನ್ನಡದ ಓದುಗರಿಗೆ ಪರಿಚಿತವಾದ ಪದ್ಧತಿ ಇದಕ್ಕಿಂತ ಭಿನ್ನ. ಲೋಕಸಭೆಯಲ್ಲಿ ಬೆಳಿಗ್ಗೆ 11 ಗಂಟೆಗೆ ಆರಂಭವಾಗುವ ಪ್ರಶ್ನೋತ್ತರ ವೇಳೆಗೆ ಬರುವ ಪ್ರಶ್ನೆಗಳು ವಾರಗಳ ಮೊದಲೇ ಸಚಿವಾಲಯದ ಕೈ ಸೇರಿರುತ್ತವೆ. ಮೌಖಿಕ ಉತ್ತರ ಬಯಸುವ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಮಾತ್ರ, ಅನಿರೀಕ್ಷಿತವಾದುದು ಏನಿದ್ದರೂ ಉಪಪ್ರಶ್ನೆಯಲ್ಲಿ. ಇನ್ನೂ ಹಿಂದೆ ಹೋದರೆ, ಆಸ್ಟ್ರೇಲಿಯಾದ ಒಕ್ಕೂಟಕ್ಕಿಂತ 20 ವರ್ಷ ಮೊದಲೇ, 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ದಸರೆಯ ಹೊತ್ತಿಗೆ ಸೇರಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ರೈತರೂ ವರ್ತಕರೂ ತಮ್ಮ ಅಹವಾಲುಗಳನ್ನು ದಿವಾನರ ಎದುರೇ ಹೇಳಿಕೊಳ್ಳಬಹುದಿತ್ತಾದರೂ, ಉತ್ತರ ಕೊಡದ ಸರ್ಕಾರವನ್ನು ಕೆಳಗಿಳಿಸುವ ಶಕ್ತಿ ಆ ಸಭೆಗೆ ಇರಲಿಲ್ಲ.

ಕ್ಯಾನ್‌ಬೆರಾದಲ್ಲಿ ಅಧಿವೇಶನದ ದಿನ ಮಧ್ಯಾಹ್ನ 2 ಗಂಟೆಗೆ ಪ್ರಶ್ನೋತ್ತರ ಆರಂಭವಾಗುತ್ತದೆ. ಸಾಮಾನ್ಯವಾಗಿ ಮೊದಲ ಪ್ರಶ್ನೆ ವಿರೋಧ ಪಕ್ಷದ ನಾಯಕರದು. ಆಮೇಲೆ ಎರಡೂ ಕಡೆಯ ಸದಸ್ಯರಿಗೆ ಸರದಿಯಂತೆ ಅವಕಾಶ ಸಿಗುತ್ತದೆ. ವಿರೋಧ ಪಕ್ಷ ಯಾವ ಮಂತ್ರಿಯನ್ನು ಯಾವ ವಿಷಯದ ಮೇಲೆ ಹಿಡಿಯುತ್ತದೆಂಬುದು ಆ ಕ್ಷಣದವರೆಗೂ ಗೊತ್ತಿರುವುದಿಲ್ಲ. ಸರ್ಕಾರದ ಕಡೆಯ ಪ್ರಶ್ನೆಗಳು ಮಾತ್ರ ಮಂತ್ರಿಗಳ ಕಚೇರಿಯಲ್ಲೇ ಸಿದ್ಧವಾಗಿ ಹಿಂಬದಿಯ ಸದಸ್ಯರ ಕೈಗೆ ಬರುವಂಥವು. ಓದುಗರ ಪತ್ರಗಳಿಗೆ ಅಂಕಣದಲ್ಲಿ ಸಲಹೆ ಕೊಡುತ್ತಿದ್ದ ಅಮೆರಿಕದ ಲೇಖಕಿಯ ಹೆಸರಿನಿಂದ ಇವುಗಳನ್ನು ಅಲ್ಲಿ ‘ಡೊರೊಥಿ ಡಿಕ್ಸರ್’ ಎನ್ನುತ್ತಾರೆ. ಕಲಾಪದ ಅರ್ಧ ಭಾಗವನ್ನು ಹೀಗೆ ಆತ್ಮಪ್ರಶಂಸೆಗೆ ಬಿಟ್ಟುಕೊಟ್ಟಿರುವುದು ಆ ಸಂಸತ್ತಿನ ನಿಜವಾದ ದೌರ್ಬಲ್ಯ. ಪ್ರಶ್ನೋತ್ತರ ಮುಗಿದ ಮೇಲೆ ಸಾರ್ವಜನಿಕ ಮಹತ್ವದ ವಿಷಯವೊಂದರ ಚರ್ಚೆಗೆ ಸದಸ್ಯರೊಬ್ಬರು ಕೊಟ್ಟ ಸೂಚನೆಯನ್ನು ಸಭಾಧ್ಯಕ್ಷರು ಓದುತ್ತಾರೆ. ಕನಿಷ್ಠ 8 ಮಂದಿ ತಮ್ಮ ಜಾಗದಲ್ಲಿ ಎದ್ದುನಿಂತು ಬೆಂಬಲಿಸಿದರೆ ಚರ್ಚೆ ಆರಂಭವಾಗುತ್ತದೆ.

ಹೋವರ್ಡ್ ಅವರ ಕಾಲದಲ್ಲಿ ಉತ್ತರಕ್ಕೆ ಸಮಯದ ಮಿತಿ ಇರಲಿಲ್ಲ. ಉತ್ತರ ಪ್ರಸ್ತುತವಾಗಿದ್ದರೆ ಸಾಕಿತ್ತು. 11 ವರ್ಷಕ್ಕೂ ಹೆಚ್ಚು ಕಾಲ ಆ ಕಲಾಪವನ್ನು ಎದುರಿಸಿದ ಅವರನ್ನು 2007ರ ನವೆಂಬರ್ 24ರ ಚುನಾವಣೆಯಲ್ಲಿ ಬೆನೆಲಾಂಗ್‌ನ ಮತದಾರರೇ ಸೋಲಿಸಿ, ಪತ್ರಕರ್ತೆಯಾಗಿದ್ದ ಮ್ಯಾಕ್ಸಿನ್ ಮೆಕ್ಯೂ ಅವರನ್ನು ಆರಿಸಿದರು. ಪ್ರಧಾನಿಯೊಬ್ಬರು ಸ್ವಂತ ಕ್ಷೇತ್ರದಲ್ಲೇ ಸೋತ ಹಿಂದಿನ ನಿದರ್ಶನ ಒಂದೇ, 1929ರದು. ಅದರ ಹಿಂದೆಯೂ ಸದನದ ಒಂದು ದಿನದ ಚರ್ಚೆಯಿತ್ತು. ಆ ಸೆಪ್ಟೆಂಬರಿನಲ್ಲಿ ಸ್ಟಾನ್ಲಿ ಬ್ರೂಸ್ ಅವರ ಸರ್ಕಾರ ತಂದ ಹಡಗು ಉದ್ಯಮದ ಕಾರ್ಮಿಕ ಮಸೂದೆಗೆ, ಜನರ ಒಪ್ಪಿಗೆಯಿಲ್ಲದೆ ಅದು ಜಾರಿಗೆ ಬರಬಾರದೆಂದು ವಿಲಿಯಂ ಹ್ಯೂಸ್ ತಿದ್ದುಪಡಿ ಸೂಚಿಸಿದರು. ಸದನ ಸಮಿತಿಯಾಗಿ ಕುಳಿತಿದ್ದಾಗ ಸಭಾಧ್ಯಕ್ಷರೂ ಸಾಮಾನ್ಯ ಸದಸ್ಯರಂತೆ ಮತ ಹಾಕಬಹುದಿತ್ತು. ಆದರೆ ಸಭಾಧ್ಯಕ್ಷ ಲಿಟಲ್‌ಟನ್ ಗ್ರೂಮ್ ತಮ್ಮ ಸ್ಥಾನದ ನಿಷ್ಪಕ್ಷಪಾತವನ್ನು ಮುಂದಿಟ್ಟು ಮತ ಹಾಕಲು ಒಪ್ಪಲಿಲ್ಲ. ತಿದ್ದುಪಡಿ 35–34ರಿಂದ ಗೆದ್ದಿತು, ಸರ್ಕಾರ ಚುನಾವಣೆಗೆ ಹೋಯಿತು, ಬ್ರೂಸ್ ಮತ್ತು ಗ್ರೂಮ್ ಇಬ್ಬರೂ ತಮ್ಮ ತಮ್ಮ ಕ್ಷೇತ್ರಗಳನ್ನು ಕಳೆದುಕೊಂಡರು. ಆಗ ಪ್ರಧಾನಿಯಾದವರು ಜೇಮ್ಸ್ ಸ್ಕಲಿನ್. ಮೆಲ್ಬರ್ನ್‌ನ ಎಪ್ಪಿಂಗ್ ಇರುವ ಕ್ಷೇತ್ರ ಅವರ ಹೆಸರನ್ನೇ ಹೊತ್ತಿದೆ.

ಆ ಕ್ಷೇತ್ರವನ್ನು 1969ರಿಂದ ಪ್ರತಿನಿಧಿಸಿದ್ದ ತಂದೆ ಜೆಂಕಿನ್ಸ್ 1983ರಿಂದ 1985ರವರೆಗೆ ಸಭಾಧ್ಯಕ್ಷರಾಗಿದ್ದರು. 1986ರ ಉಪಚುನಾವಣೆಯಲ್ಲಿ ಗೆದ್ದ ಮಗ 2008ರಲ್ಲಿ ಅದೇ ಪೀಠವೇರಿದರು. 2010ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದೆ, ಪಕ್ಷೇತರರ ಬೆಂಬಲ ಅನಿವಾರ್ಯವಾದಾಗ ನಿಯಮಗಳು ಬದಲಾದವು: ಪ್ರಶ್ನೆಗೆ 45 ಸೆಕೆಂಡು, ಉತ್ತರಕ್ಕೆ 4 ನಿಮಿಷ, ಮತ್ತು ಉತ್ತರ ನೇರವಾಗಿ ಪ್ರಶ್ನೆಗೆ ಸಂಬಂಧಿಸಿರಬೇಕೆಂಬ ಕಟ್ಟುಪಾಡು. ಈ ಬಿಗಿಯನ್ನು ಕಾಯುವ ಹೊಣೆ ಜೆಂಕಿನ್ಸ್ ಅವರ ಮೇಲೆ ಬಿತ್ತು. 2011ರ ಮೇ 31ರಂದು ಅವರು ವಿರೋಧ ಪಕ್ಷದ ಬಾಬ್ ಬಾಲ್ಡ್‌ವಿನ್ ಅವರನ್ನು ‘ಹೆಸರಿಸಿದರು’; ಅಂದರೆ ಸದಸ್ಯನ ಅಶಿಸ್ತನ್ನು ಸದನದ ಮುಂದಿಟ್ಟು ಅಮಾನತಿಗೆ ದಾರಿ ಮಾಡಿದರು. ಅಮಾನತಿನ ಗೊತ್ತುವಳಿ ಒಂದು ಮತದಿಂದ ಬಿದ್ದುಹೋಯಿತು. 1975ರಲ್ಲಿ ಇಂಥದೇ ಸಂದರ್ಭದಲ್ಲಿ ಸರ್ಕಾರ ಕೈಬಿಟ್ಟಾಗ ಸಭಾಧ್ಯಕ್ಷ ಜಿಮ್ ಕೋಪ್ ರಾಜೀನಾಮೆ ಕೊಟ್ಟಿದ್ದರು. ಈ ಬಾರಿ ಸದನ ಕೂಡಲೇ ವಿಶ್ವಾಸದ ಗೊತ್ತುವಳಿ ಅಂಗೀಕರಿಸಿ ಜೆಂಕಿನ್ಸ್ ಅವರನ್ನು ಪೀಠದಲ್ಲೇ ಉಳಿಸಿಕೊಂಡಿತು; ಎರಡೂ ಪಕ್ಷಗಳಿಗೆ ಶ್ರೇಯಸ್ಸು ತಂದ ನಡೆ ಅದು.

ಆದರೂ ಅದೇ ವರ್ಷದ ನವೆಂಬರ್ 24ರಂದು ಅವರು ಪೀಠ ತೊರೆದು ಲೇಬರ್ ಪಕ್ಷದ ಸಾಲಿಗೆ ಮರಳಿದರು, ವಿರೋಧ ಪಕ್ಷದ ಪೀಟರ್ ಸ್ಲಿಪ್ಪರ್ ಸಭಾಧ್ಯಕ್ಷರಾದರು, ಸರ್ಕಾರಕ್ಕೆ ಸದನದಲ್ಲಿ ಒಂದು ಮತ ಹೆಚ್ಚಿತು. ಪ್ರಶ್ನೆಯ ಅವಧಿ ಆಮೇಲೆ 30 ಸೆಕೆಂಡಿಗೂ ಉತ್ತರದ್ದು 3 ನಿಮಿಷಕ್ಕೂ ಇಳಿಯಿತು. ಮಿಕ್ಕ ಪ್ರಶ್ನೆಗಳು ಸೂಚನಾಪತ್ರಕ್ಕೆ ಹೋಗಲೆಂದು ಕೋರಿ ಆ ದಿನದ ಕಲಾಪವನ್ನು ಮುಗಿಸುವ ಅಧಿಕಾರ ಮಾತ್ರ, ಹೋಲ್ಡರ್ ಕಾಲದ ರೂಢಿಯ ಉಳಿಕೆಯಂತೆ, ಇಂದಿಗೂ ಪ್ರಧಾನಿಯ ಬಳಿಯೇ ಇದೆ.