ಕೂದಲು ಹೇಳೋ ಕಥೆ | ಶಾಲೆಗಳ ಇತಿಹಾಸ, ಭಾಗ 3

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಜೆಸ್ಯೂಟ್ ಪಾದ್ರಿಗಳು 1910ರಲ್ಲಿ ಸ್ಥಾಪಿಸಿದ ಗಂಡುಮಕ್ಕಳ ಹೈಸ್ಕೂಲು ರಾಕ್‌ಹರ್ಸ್ಟ್. 1962ರಲ್ಲಿ ಈಗಿನ ಗ್ರೀನ್‌ಲೀಸ್ ಕ್ಯಾಂಪಸ್‌ಗೆ ಬಂತು.

2013-14ರಿಂದ ಅಲ್ಲಿ ಎಲ್ಲಾ ವಿದ್ಯಾರ್ಥಿಗಳಿಗೂ ಡ್ರಗ್ ಟೆಸ್ಟ್ ಕಡ್ಡಾಯ. ಒಂದಿಷ್ಟು ಕೂದಲು ಕತ್ತರಿಸಿ ಲ್ಯಾಬ್‌ಗೆ ಕಳಿಸಿದ್ರೆ ಸುಮಾರು 90 ದಿನಗಳ ವಿಷಯ ಗೊತ್ತಾಗುತ್ತೆ. ಮೊದಲ ಸಲ ಸಿಕ್ಕಿಬಿದ್ರೆ ಹೊರಗೆ ಹಾಕಲ್ಲ. ಕೌನ್ಸೆಲರ್ ಜೊತೆ ಮಾತು, ಅಪ್ಪ-ಅಮ್ಮನಿಗೆ ಸುದ್ದಿ, ಬಿಡೋಕೆ 90 ದಿನ ಗಡುವು.

ಸರ್ಕಾರಿ ಶಾಲೆಗಳ ವಿಷಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1995ರಲ್ಲಿ ಕ್ರೀಡಾಪಟುಗಳ, 2002ರಲ್ಲಿ ಪಠ್ಯೇತರ ಚಟುವಟಿಕೆಯವರ ಟೆಸ್ಟ್ ಒಪ್ಪಿತು. ಖಾಸಗಿ ಶಾಲೆಗೆ ಆ ಮಿತಿ ಇಲ್ಲ.

ಟೆಸ್ಟ್ ಇದ್ರೆ 'ನಂಗ್ ಬೇಡ ಕಣೋ' ಅನ್ನೋಕೆ ಒಂದು ನೆಪ ಸಿಗುತ್ತೆ, ನಿಜ. ಆದ್ರೆ ಏನೂ ತಪ್ಪು ಮಾಡದವನೂ ತಲೆ ಬಗ್ಗಿಸಲೇಬೇಕು. ನಮ್ಮ ಕ್ಲಾಸಿಗೇ ಕತ್ತರಿ ಬಂದ್ರೆ ನೀವೇನಂತೀರಾ?